ಆಚೆ ದಡದ ಮಕ್ಕಳು

ನೀರು ಸುತ್ತುವರಿದ ಊರು ಎಲ್ಲರ ಕಣ್ಣಿಗೂ ಬೀಳುತ್ತದೆ. ದಾರಿ ಇದ್ದೂ ಯಾರೂ ಹೋಗದ ಊರು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳು ಹೆಚ್ಚಾಗಿ ಕಳೆದುಹೋಗುವುದು ಈ ಎರಡನೆಯ ಊರಿನಿಂದ.

*

ಆಳಂದ ತಾಲ್ಲೂಕಿನ ನಿಂಬರ್ಗಾ ಕಡೆ ಸಮುದ್ರವಿಲ್ಲ, ಹಡಗಿಲ್ಲ. ಆದರೂ ನಡುಗಡ್ಡೆಯಲ್ಲಿ ಸಿಕ್ಕಿಬೀಳುವುದು ಹೇಗಿರುತ್ತದೆ ಎಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದ ನೀರು ಭೀಮಾ ನದಿಯ ಸೊನ್ನ ಬ್ಯಾರೇಜು ದಾಟಿ ನುಗ್ಗಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ಹೋಗುವ ದಾರಿಗಳು ಮುಳುಗಿದವು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಹಾಗೆಯೇ ಉಕ್ಕಿದಳು. ಅಂಥ ಹೊತ್ತಿನಲ್ಲಿ ದೋಣಿ ಬರುತ್ತದೆ, ರಕ್ಷಣಾ ಪಡೆ ಬರುತ್ತದೆ, ಕಾಳಜಿ ಕೇಂದ್ರ ತೆರೆಯುತ್ತದೆ. ದೋಣಿಯಲ್ಲಿ ಮೊದಲು ಮಕ್ಕಳನ್ನು ಕೂಡಿಸುತ್ತಾರೆ. ಯಾರ ಮನೆಯ ಮಗು ಎಲ್ಲಿದೆ ಎಂದು ಆ ನಾಲ್ಕು ದಿನ ಇಡೀ ಊರಿಗೆ ಗೊತ್ತಿರುತ್ತದೆ. ನೀರು ಇಳಿದ ಮೇಲೂ ಆ ಲೆಕ್ಕವನ್ನು ಬಿಡದೆ ಹಿಡಿದುಕೊಂಡರೆ ಮಕ್ಕಳ ರಕ್ಷಣೆಯ ಅರ್ಧ ಕೆಲಸ ಮುಗಿದಂತೆ.

*

ಕಾಳಜಿ ಕೇಂದ್ರದಲ್ಲಿ ಅನ್ನ, ಹಾಸಿಗೆ, ಗುಳಿಗೆಗಳನ್ನು ಎಲ್ಲರೂ ಕೇಳುತ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಚಿಲಕ ಇದೆಯೇ, ಅಲ್ಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಉರಿಯುತ್ತದೆಯೇ ಎಂದು ಒಬ್ಬರಾದರೂ ಮೊದಲ ಸಂಜೆಯೇ ಕೇಳಬೇಕು.

*

ಭೀಮೆಯ ಊರುಗಳು ಕೆಲವು ದಿನದ ನಡುಗಡ್ಡೆಗಳು. ಕೃಷ್ಣೆಯ ಗಡ್ಡಿಗಳು ಹಾಗಲ್ಲ. ಅಲ್ಲಿ ಹೊಳೆಯ ನಡುವೆಯೇ ಜನರ ಬಾಳು. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ, ರಾಯಚೂರು ತಾಲ್ಲೂಕಿನ ಕುರ್ವಕುಲಾ, ಕುರ್ವಕುರ್ದಾ ಅಂಥವು. 2014ರ ಜುಲೈ ಕೊನೆಗೆ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಮ್ಮವರ ಆಸರೆಯಲ್ಲಿ ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂದು. ದೇಶವೆಲ್ಲ ಆ ತಾಯಿಯ ಧೈರ್ಯವನ್ನು ಕೊಂಡಾಡಿತು. ಕೊಂಡಾಡಬೇಕಾದದ್ದೇ. ಆದರೆ ಒಂದು ಮಗು ಹುಟ್ಟುವ ಮೊದಲೇ ಹೊಳೆ ದಾಟಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಬಿಡದೆ ಕಾಡುತ್ತದೆ. ತಾಯಂದಿರಿಗೆ ಇಷ್ಟು ಧೈರ್ಯ ಬೇಕಾಗದ ಊರನ್ನು ಕಟ್ಟುವುದು ಉಳಿದವರ ಪಾಲಿನ ಕೆಲಸ.

*

ಗಡ್ಡಿಗೆ ಹರಿಗೋಲು ಹಾಕುವವನಿಗೆ ಯಾವ ಮನೆಯ ಮಗು ಶಾಲೆಗೆ ದಾಟಲಿಲ್ಲ ಎಂದು ಮಾಸ್ತರರಿಗಿಂತ ಮೊದಲು ಗೊತ್ತಾಗುತ್ತದೆ. ಮಕ್ಕಳ ರಕ್ಷಣೆಯ ಸಭೆಗೆ ಅವನನ್ನು ಕರೆದವರನ್ನು ನಾನು ಕಂಡಿಲ್ಲ.

*

ಲಂಬಾಣಿ ತಾಂಡಾಕ್ಕೆ ಹೋಗಲು ಹೊಳೆ ಅಡ್ಡ ಬರುವುದಿಲ್ಲ. ಊರ ಅಗಸಿಯಿಂದ ಕಣ್ಣಳತೆಯ ದೂರ. ಆದರೂ ಪಂಚಾಯಿತಿಯ ಡಂಗುರ ಅಲ್ಲಿಗೆ ಮುಟ್ಟುವುದಿಲ್ಲ, ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಗೋರಬೋಲಿ ಆಡಿ ಬೆಳೆದ ಮಗು ಒಂದನೇ ತರಗತಿಯ ಬಾಗಿಲಲ್ಲಿ ಕನ್ನಡ ಕೇಳಿ ಮೂಕವಾಗಿ ನಿಲ್ಲುತ್ತದೆ. ಆ ಮೌನವನ್ನು ದಡ್ಡತನ ಎಂದು ಬರೆದುಕೊಂಡ ದಿನವೇ ಅದರ ಶಾಲೆ ಮುಗಿಯಿತು.

*

ಮನೆಯವರಿಗೂ ಅಧಿಕಾರಿಗಳಿಗೂ ನಡುವೆ ಮಗುವನ್ನೇ ದುಭಾಷಿಯಾಗಿ ನಿಲ್ಲಿಸಬೇಡಿ. ತನ್ನ ಮದುವೆಯ ಮಾತನ್ನು ತಾನೇ ಅಪ್ಪನ ಬಾಯಿಂದ ಕೇಳಿ ಸಾಹೇಬರಿಗೆ ಕನ್ನಡದಲ್ಲಿ ಹೇಳುವ ಹುಡುಗಿ, ತನಗೇನು ಬೇಕೆಂಬುದನ್ನು ಅಂದು ಯಾರಿಗೂ ಹೇಳುವುದಿಲ್ಲ. ತಾಂಡಾದಲ್ಲೇ ಓದಿದ ಒಬ್ಬ ಹೆಣ್ಣುಮಗಳು ಸ್ವಯಂಸೇವಕಿಯಾಗಿ ಜೊತೆಗಿದ್ದರೆ ಈ ಅನ್ಯಾಯ ತಪ್ಪುತ್ತದೆ.

*

ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಕಬ್ಬಿಗೆ ಕೂಲಿಕಾರರನ್ನು ಒಯ್ಯುವ ಲಾರಿಗಳು ಬರುತ್ತವೆ. ಗಂಡ ಹೆಂಡತಿಯ ಜೋಡಿಯನ್ನು ಒಂದು ಕೊಯ್ತಾ ಎಂದು ಎಣಿಸಿ ಮುಕಾದಮ ಮುಂಗಡ ಕೊಟ್ಟಿರುತ್ತಾನೆ. ಕಬ್ಬು ಕಡಿಯುವ ಹಂಗಾಮು ಮುಗಿಯುವವರೆಗೆ ಆ ಜೋಡಿ ಮುಂಗಡ ತೀರಿಸಲು ದುಡಿಯಬೇಕು. ಮುಕಾದಮನ ವಹಿಯಲ್ಲಿ ಮಗುವಿನ ಹೆಸರಿಲ್ಲ. ಲಾರಿಯಲ್ಲಿ ಮಗುವಿದೆ.

*

ಗುಳೆ ಹೋದ ಮಗು ಊರಿನ ಶಾಲೆಯಲ್ಲಿ ಗೈರು, ಕಬ್ಬಿನ ಫಡದ ಹತ್ತಿರದ ಶಾಲೆಯಲ್ಲಿ ಹೆಸರೇ ಇಲ್ಲ. ಎರಡು ರಾಜ್ಯಗಳ ನಡುವೆ ಆರು ತಿಂಗಳು ಅದು ಯಾವ ಸರಕಾರದ ಮಗುವೂ ಅಲ್ಲ.

*

ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂದು ಮಗುವಿಗೆ ಶಾಲೆಯ ಪ್ರವೇಶ ತಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಹಾರಾಷ್ಟ್ರದ ಕೆಲವು ಸಕ್ಕರೆ ಕಾರ್ಖಾನೆಗಳ ಬಳಿ ಕಬ್ಬು ಕಡಿಯುವವರ ಮಕ್ಕಳಿಗಾಗಿ ಸಾಖರ್ ಶಾಳೆಗಳು ನಡೆದದ್ದೂ ಉಂಟು. ಕಾಯ್ದೆ ಇದೆ, ಶಾಲೆ ಇದೆ. ಈ ಮಗು ಇಂಥ ದಿನ ಇಂಥ ಊರಿಗೆ ಹೊರಟಿದೆ ಎಂದು ಆಚೆಯ ಶಾಲೆಗೆ ಒಂದು ಫೋನು ಮಾಡುವವರು ಇಲ್ಲ. ಅಕ್ಕಲಕೋಟೆಯಲ್ಲೂ ದಕ್ಷಿಣ ಸೊಲ್ಲಾಪುರದಲ್ಲೂ ಕನ್ನಡ ಮಾತಾಡುವ ಮಾಸ್ತರರು ಎಷ್ಟೋ ಜನ ಇದ್ದಾರೆ. ಆ ಫೋನನ್ನು ಕನ್ನಡದಲ್ಲೇ ಮಾಡಬಹುದು.

*

ಗಡಿ ರೇಖೆಯನ್ನು ತೊಗರಿ ಲಾರಿ ದಾಟುತ್ತದೆ, ಕಬ್ಬು ದಾಟುತ್ತದೆ, ದಿಬ್ಬಣ ದಾಟುತ್ತದೆ. ಮಗುವಿನ ಕಡತ ಮಾತ್ರ ದಾಟುವುದಿಲ್ಲ.

*

"ಯಾಕವ್ವಾ, ಮೊಮ್ಮಗಳನ್ನ ಇಷ್ಟು ಲಗೂನ ಕೊಡ್ತೀರಿ?" ಎಂದು ಕೇಳಿದರೆ ಅಜ್ಜಿ ಉತ್ತರ ಹುಡುಕುವುದಿಲ್ಲ. "ಮಗ ಸೊಸಿ ದುಡ್ಯಾಕ ಹೋಗ್ಯಾರ್ರಿ. ನಾ ಕಣ್ಣು ಕಾಣದಾಕಿ. ಬೆಳದ ಹುಡುಗಿನ್ನ ಯಾರ ಕಾಯ್ಬೇಕ್ರಿ?" ಈ ಮಾತಿನಲ್ಲಿ ಕ್ರೌರ್ಯವಿಲ್ಲ, ಭಯವಿದೆ. ಆ ಭಯಕ್ಕೆ ಉತ್ತರ ಕೊಡದೆ ಕಾಯ್ದೆ ಓದಿ ಹೇಳಿದರೆ ಅಜ್ಜಿ ತಲೆಯಾಡಿಸುತ್ತಾಳೆ, ಮದುವೆ ಬೇರೆ ಊರಿನಲ್ಲಿ ನಡೆಯುತ್ತದೆ.

*

ವಸತಿ ನಿಲಯದ ಒಂದು ಸೀಟು ತಡೆದಷ್ಟು ಬಾಲ್ಯವಿವಾಹಗಳನ್ನು ವೇದಿಕೆಯ ಭಾಷಣಗಳು ತಡೆದಿಲ್ಲ. ಹುಡುಗಿ ಹತ್ತನೇ ತರಗತಿಯವರೆಗೆ ಬೀಗ ಚಿಲಕ ಇರುವ ಒಂದು ಕೋಣೆಯಲ್ಲಿ, ಹೊಟ್ಟೆ ತುಂಬ ಉಂಡು ಮಲಗುತ್ತಾಳೆ ಎಂದು ನಂಬಿಕೆಯಾದರೆ ಕಬ್ಬಿಗೆ ಹೋಗುವ ತಾಯಿ ತಾನೇ ಬಂದು ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಾಳೆ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು 2004ರಲ್ಲಿ ಹುಟ್ಟಿದ್ದು ಇಂಥ ತಾಯಂದಿರ ಮಕ್ಕಳಿಗಾಗಿ. ಅರ್ಜಿ ಹಾಕುವ ಕೊನೆಯ ದಿನ ತಾಂಡಾಕ್ಕೆ ಗೊತ್ತಾಗುವಂತೆ ಮಾಡುವುದು ಸ್ವಯಂಸೇವಕರ ಕೆಲಸಗಳಲ್ಲಿ ದೊಡ್ಡದು. ಅದಕ್ಕೆ ಹಾರ ತುರಾಯಿ ಸಿಗುವುದಿಲ್ಲ.

*

ಬಸವ ಜಯಂತಿ ಬರುವುದು ಅಕ್ಷಯ ತೃತೀಯದ ದಿನ. ಕಲ್ಯಾಣ ಕರ್ನಾಟಕದ ಊರೂರಲ್ಲೂ ಅಂದು ಬಸವಣ್ಣನ ಮೆರವಣಿಗೆ. ಮುಹೂರ್ತ ನೋಡಬೇಕಿಲ್ಲ ಎಂಬ ನಂಬಿಕೆಯಿಂದ ಅಂದೇ ಸಾಲು ಸಾಲು ಮದುವೆ. ಆ ಸಾಲಿನಲ್ಲಿ ಹದಿನೆಂಟು ತುಂಬದ ಹುಡುಗಿ ಎಲ್ಲಿ ಸೇರಿಕೊಂಡಿದ್ದಾಳೆ ಎಂದು ಕಾವಲು ಕಾಯುವುದೂ ಅಂದೇ. ಉಪನಯನ ಬೇಡ ಎಂದು ಮನೆಯವರ ಎದುರು ನಿಂತ ಬಾಲಕ ಬಸವಣ್ಣನನ್ನು ನಾವು ಒಂಬತ್ತು ಶತಮಾನಗಳಿಂದ ಹೊಗಳುತ್ತಿದ್ದೇವೆ. ಮಗುವಿನ ಬಾಯಿಂದ ಬಂದ 'ಬೇಡ' ಎಂಬ ಮಾತಿಗೆ ಇಷ್ಟು ದೊಡ್ಡ ಗೌರವ ಕೊಟ್ಟ ನಾಡು ಇನ್ನೊಂದಿದೆಯೋ ಇಲ್ಲವೋ. ಹಾಗಿರುವಾಗ ನಮ್ಮ ಮನೆಯ ಹುಡುಗಿ ಮದುವೆ ಬೇಡ ಎಂದರೆ ಅದನ್ನು ಹಟ ಎಂದು ಕರೆಯುವ ಅಧಿಕಾರ ನಮಗೆಲ್ಲಿಂದ ಬಂತು? ಜಯಂತಿಯ ಭಾಷಣ ಮಾಡುವವರು ಈ ಒಂದು ಮಾತನ್ನು ಮಂಟಪದಲ್ಲಿ ನಿಂತು ಹೇಳಿದರೆ ಸಾಕು; ಕೇಳುವವರು ಕೇಳುತ್ತಾರೆ.

*

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಅಕ್ಷಯ ತೃತೀಯವನ್ನು ಹೆಸರು ಹಿಡಿದೇ ಹೇಳುತ್ತದೆ. ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ. ಕರ್ನಾಟಕ ಇನ್ನೂ ಮುಂದೆ ಹೋಗಿ, 2017ರಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ತಿದ್ದುಪಡಿ ಮಾಡಿಕೊಂಡಿದೆ. ಅದಕ್ಕೆ ದಾರಿ ಮಾಡಿದ್ದರಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಕೊಟ್ಟ ವರದಿಯ ಪಾಲೂ ಇದೆ.

ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 21.4. ಎರಡು ಸಮೀಕ್ಷೆಗಳ ನಡುವೆ ಕಾಯ್ದೆ ಬಲವಾಯಿತು, ಅಂಕಿ ಕದಲಲಿಲ್ಲ.

*

ಮದುವೆ ನಡೆಯುವ ಮನೆಗೆ ಪೊಲೀಸರೊಂದಿಗೆ ಹೋಗುವುದು ಕೊನೆಯ ದಾರಿ. ಮೊದಲ ದಾರಿ ಲಗ್ನಪತ್ರಿಕೆ ಅಚ್ಚು ಹಾಕುವವರ ಅಂಗಡಿ, ಅಡುಗೆ ಭಟ್ಟರ ಮನೆ, ಬಾಜಾ ಬಜಂತ್ರಿಯವರ ಓಣಿ, ಮಠದ ಅಯ್ಯನವರು, ಮಸೀದಿಯ ಖಾಜಿಗಳು. ಬಾಲ್ಯವಿವಾಹ ಮಾಡಿಸಿದವರಿಗೂ ನೆರವಾದವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಬೆದರಿಕೆಯಾಗಿ ಹೇಳಬೇಕಿಲ್ಲ. "ನಿಮ್ಮ ಕೈಯಲ್ಲಿ ಒಂದು ಮಗುವಿನ ಬಾಳು ಇದೆ, ಜನ್ಮ ದಾಖಲೆ ನೋಡಿ ಕೆಲಸ ಹಿಡಿಯಿರಿ" ಎಂದರೆ ಹೆಚ್ಚಿನವರು ಹೌದು ಅನ್ನುತ್ತಾರೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾಕ್ಕೂ ಗಾಣಗಾಪುರದಲ್ಲಿ ದತ್ತನ ಪಾದುಕೆಗೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಜನ ಇವರು. ಹಿರಿಯರ ಒಂದು ಮಾತು ಇಲ್ಲಿ ಇಂದಿಗೂ ನಡೆಯುತ್ತದೆ.

*

ತಡೆದ ಮದುವೆಯ ಮರುದಿನ ಯಾರೂ ಆ ಮನೆಗೆ ಹೋಗುವುದಿಲ್ಲ. ಅಂದು ಆ ಮನೆಯಲ್ಲಿ ಮಾಡಿದ ಅಡುಗೆ ಹಳಸಿರುತ್ತದೆ, ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುತ್ತಾರೆ, ಬಂಧುಗಳು ಮಾತು ಬಿಟ್ಟಿರುತ್ತಾರೆ. ಅದೆಲ್ಲದರ ಸಿಟ್ಟು ಇಳಿಯುವುದು ಒಳಕೋಣೆಯಲ್ಲಿ ಕುಳಿತ ಹುಡುಗಿಯ ಮೇಲೆ. ಪತ್ರಿಕೆಯಲ್ಲಿ 'ಬಾಲ್ಯವಿವಾಹಕ್ಕೆ ತಡೆ' ಎಂದು ಬಂದ ಬೆಳಗ್ಗೆ ಅವಳಿಗೆ ಎಲ್ಲಕ್ಕಿಂತ ಕೆಟ್ಟ ಬೆಳಗ್ಗೆ. ಸ್ವಯಂಸೇವಕರ ನಿಜವಾದ ಸರದಿ ಆಗ ಶುರುವಾಗುತ್ತದೆ. ಮರುದಿನ ಹೋಗಬೇಕು, ವಾರ ಬಿಟ್ಟು ಹೋಗಬೇಕು, ಶಾಲೆ ತೆರೆದ ದಿನ ಅವಳು ಬೆಂಚಿನ ಮೇಲೆ ಇದ್ದಾಳೆಯೇ ಎಂದು ನೋಡಬೇಕು, ಮುಂದಿನ ಅಕ್ಷಯ ತೃತೀಯಕ್ಕೆ ಮತ್ತೆ ಹೋಗಬೇಕು. ಅವಳ ತಂದೆಯ ಎದುರು ತಲೆ ತಗ್ಗಿಸಿ ಕುಳಿತು ಅವನ ನಷ್ಟದ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳಬೇಕು. ಅವನೂ ಕಷ್ಟಪಟ್ಟು ಕೂಡಿಸಿದ ಹಣವದು.

*

ಆಳಂದದಲ್ಲಿ ತಡೆದ ಮದುವೆ ಗಡಿಯಾಚೆಯ ದೇವಸ್ಥಾನದಲ್ಲಿ ನಡೆದುಹೋಗಬಹುದು. ಒಂದು ತಾಲ್ಲೂಕಿನ ಕೆಲಸ ಇನ್ನೊಂದು ತಾಲ್ಲೂಕಿಗೆ ಗೊತ್ತಿಲ್ಲದಿದ್ದರೆ ಅದು ಕೆಲಸವಾಗಿ ಉಳಿಯುವುದಿಲ್ಲ.

*

ಸಮನ್ವಯದ ಕೆಲಸ ನೋಡುವವರಿಗೆ ಕಾಣುವುದಿಲ್ಲ. ಕೌದಿಯಲ್ಲಿ ಬಣ್ಣದ ತುಂಡುಗಳನ್ನೇ ಎಲ್ಲರೂ ಹೊಗಳುತ್ತಾರೆ, ಅವನ್ನು ಹಿಡಿದಿಟ್ಟದ್ದು ಅಜ್ಜಿಯ ಸೂಜಿದಾರ. ಅಂಗನವಾಡಿ ಕಾರ್ಯಕರ್ತೆ, ಆಶಾ, ಮಾಸ್ತರರು, ಪಿಡಿಒ, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ: ಎಲ್ಲರೂ ಅವರವರ ಜಾಗದಲ್ಲಿ ಇದ್ದಾರೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವವರು ಬೇಕು.

*

ಹೊತ್ತಿಗೆ ಸರಿಯಾಗಿ ಎಂಬುದೇ ಈ ಕೆಲಸದ ಧರ್ಮ. ನಾಳೆ ಮುಟ್ಟುವ ಸುದ್ದಿ ಮುಟ್ಟದ ಸುದ್ದಿಗೆ ಸಮ.

*

ಕಾಳಜಿ ಮತ್ತು ರಕ್ಷಣೆ ಬೇಕಾದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಈ ಲೆಕ್ಕಕ್ಕೆ ಬರುವುದಿಲ್ಲ. ಇದು 2015ರ ಬಾಲನ್ಯಾಯ ಕಾಯ್ದೆಯ ಮಾತು. ದೂರದ ಊರುಗಳನ್ನು ನೆನೆದು ಬರೆದ ಮಾತೆಂದು ನನಗೆ ಅದರ ಮೇಲೆ ಗೌರವ. ಆದರೆ ಆ ಪ್ರಯಾಣದಲ್ಲಿ ಮಗುವಿನ ಪಕ್ಕ ಯಾರು ಕೂಡುತ್ತಾರೆ, ದಾರಿಯಲ್ಲಿ ಏನು ತಿನ್ನಿಸುತ್ತಾರೆ, ಎಲ್ಲಿಗೆ ಹೊರಟಿದ್ದೇವೆ ಎಂದು ಅದಕ್ಕೆ ತಿಳಿಯುವಂತೆ ಯಾರು ಹೇಳುತ್ತಾರೆ? ಕಾಯ್ದೆ ಲೆಕ್ಕದಿಂದ ಬಿಟ್ಟ ಆ ಗಂಟೆಗಳು ಮಗುವಿನ ನೆನಪಿನಲ್ಲಿ ಬಹಳ ಕಾಲ ಉಳಿಯುತ್ತವೆ.

*

ದೌರ್ಜನ್ಯಕ್ಕೆ ಒಳಗಾದ ಮಗುವಿನ ಕತೆಯನ್ನು ಆಶಾ ಒಮ್ಮೆ, ಮಾಸ್ತರರು ಒಮ್ಮೆ, ಪಂಚಾಯಿತಿಯವರು ಒಮ್ಮೆ, ಸ್ವಯಂಸೇವಕರು ಒಮ್ಮೆ ಕೇಳಿ ಕಣ್ಣೀರು ಹಾಕುತ್ತಾರೆ. ನಮ್ಮ ಕಣ್ಣೀರಿಗಾಗಿ ಅದು ನಾಲ್ಕು ಸಲ ಆ ಕೋಣೆಗೆ ಹಿಂದಿರುಗಿ ಹೋಗಬೇಕೇ? ನಂಬಿದೆ ಎಂದು ಹೇಳಿ, ತಪ್ಪು ನಿನ್ನದಲ್ಲ ಎಂದು ಹೇಳಿ, ಪೊಲೀಸರಿಗೆ ತಿಳಿಸಿ. 2012ರ ಪೋಕ್ಸೊ ಕಾಯ್ದೆಯಲ್ಲಿ ತಿಳಿಸುವುದು ಎಲ್ಲರ ಕರ್ತವ್ಯ, ಬಚ್ಚಿಟ್ಟರೆ ಶಿಕ್ಷೆ. ಹೇಳಿಕೆ ಬರೆದುಕೊಳ್ಳಲು ಪೊಲೀಸರು ಸಮವಸ್ತ್ರವಿಲ್ಲದೆ ಮಗುವಿನ ಮನೆಗೆ ಅಥವಾ ಅದು ಬಯಸಿದ ಜಾಗಕ್ಕೆ ಬರಬೇಕು, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಈ ನಾಲ್ಕು ಮಾತು ತಾಯಿಗೆ ಮೊದಲೇ ಗೊತ್ತಿದ್ದರೆ ಅವಳು ಠಾಣೆಯ ಹೆಸರಿಗೆ ಅಷ್ಟು ಹೆದರುವುದಿಲ್ಲ.

*

"ಊರಾಗ ಮುಗಿಸಿಬಿಡೂಣು" ಎಂದು ಹಿರಿಯರು ಕೂತರೆ ಅಲ್ಲಿ ಹೊಲದ ಬದುವಿನ ಜಗಳ ಮುಗಿಯಬಹುದು. ಮಗುವಿನ ಮೇಲಿನ ದೌರ್ಜನ್ಯ ಮುಗಿಯುವುದಿಲ್ಲ. ಅದು ಆ ಊರಿನಲ್ಲಿ ಇನ್ನೊಂದು ಮಗುವಿಗಾಗಿ ಕಾಯುತ್ತದೆ.

*

ಮಗುವನ್ನು ಹಿಂಸಿಸುವವನು ಪರ ಊರಿನವನು ಎಂದು ನಂಬಿಸಿಕೊಂಡು ನಾವು ರೈಲು ನಿಲ್ದಾಣ ಕಾಯುತ್ತೇವೆ. ಹೆಚ್ಚಿನ ಸಲ ಅವನಿಗೆ ಮನೆಯ ನಾಯಿ ಬೊಗಳುವುದಿಲ್ಲ.

*

ರೈಲು ನಿಲ್ದಾಣವನ್ನೂ ಕಾಯಬೇಕು. ಕಲಬುರಗಿ, ವಾಡಿ ಜಂಕ್ಷನ್, ಸೊಲ್ಲಾಪುರ ಒಂದೇ ಹಳಿಯ ಮೇಲಿವೆ; ಮುಂಬೈ ಒಂದು ರಾತ್ರಿಯ ಹಾದಿ. ಮನೆಯಲ್ಲಿ ಬೈದರೆಂದು, ಪರೀಕ್ಷೆಯಲ್ಲಿ ಫೇಲಾದೆನೆಂದು, ಹೋಟೆಲಿನಲ್ಲಿ ಕೆಲಸ ಕೊಡಿಸುತ್ತೇನೆ ಎಂದವನ ಮಾತು ನಂಬಿ ಗಂಡುಹುಡುಗರು ಹತ್ತಿಬಿಡುತ್ತಾರೆ. ರೈಲ್ವೆ ರಕ್ಷಣಾ ಪಡೆಯ 'ನನ್ಹೇ ಫರಿಶ್ತೇ' ಕಾರ್ಯಾಚರಣೆ ಇಂಥ ಮಕ್ಕಳನ್ನು ಪ್ಲಾಟ್‌ಫಾರ್ಮಿನಲ್ಲೇ ಹಿಡಿದು ಕಾಪಾಡುತ್ತದೆ. ಹಿಂದೆ ಬಂದ ಹುಡುಗನಿಗೆ ಊರು ಹೊಡೆತದಿಂದ ಸ್ವಾಗತ ಮಾಡಿದರೆ ಅವನು ಮುಂದಿನ ಸಲ ಸಿಕ್ಕದಂತೆ ಹೋಗುತ್ತಾನೆ.

*

ಮಕ್ಕಳ ರಕ್ಷಣೆ ಎಂದರೆ ಹೆಣ್ಣುಮಕ್ಕಳ ಮದುವೆ ತಡೆಯುವುದಷ್ಟೇ ಎಂದುಕೊಂಡವರಿಗೆ ಗಂಡುಹುಡುಗನ ಅಳು ಕೇಳುವುದೇ ಇಲ್ಲ. ಗಂಡಸಾಗಿ ಅಳುತ್ತೀಯಾ ಎಂದು ಅವನ ಬಾಯನ್ನು ನಾವೇ ಮುಚ್ಚಿಸಿದ್ದೇವೆ.

*

ಹತ್ತಿ ಅರಳುವ ಕಾಲಕ್ಕೆ ಶಾಲೆಯ ಬೆಂಚುಗಳು ಬರಿದಾಗುತ್ತವೆ. ಸಣ್ಣ ಕೈಗೆ ಹತ್ತಿ ಚೆನ್ನಾಗಿ ಬಿಡಿಸಲು ಬರುತ್ತದೆ ಎನ್ನುತ್ತಾರೆ. ಆ ಕೈಗೆ ಅಕ್ಷರವೂ ಚೆನ್ನಾಗಿ ಬರುತ್ತಿತ್ತು.

*

ಒಂದು ವಾರ ಮಗು ಶಾಲೆಗೆ ಬರಲಿಲ್ಲವೆಂದರೆ ಏನೋ ಆಗಿದೆ. ಹಾಜರಿ ಪುಸ್ತಕ ಊರಿನ ಮೊದಲ ದೂರು ಪುಸ್ತಕ. ಅದನ್ನು ಓದಲು ಬರುವ ಮಾಸ್ತರರೊಬ್ಬರಿದ್ದರೆ ಊರಿಗೆ ಅರ್ಧ ಬಲ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಆ ಪುಸ್ತಕವೂ ಮುಚ್ಚಿತು. ಯಾವ ಹುಡುಗಿ ಯಾವಾಗ ಗಂಡನ ಮನೆಗೆ ಹೋದಳು, ಯಾವ ಹುಡುಗ ಯಾವ ಗಾಡಿ ಹತ್ತಿದ ಎಂದು ಕೇಳುವವರೇ ಇಲ್ಲವಾದರು. ಶಾಲೆ ಮತ್ತೆ ತೆರೆದಾಗ ಖಾಲಿ ಉಳಿದ ಜಾಗಗಳು ಮಾತಾಡಿದವು.

*

ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಹಕ್ಕುಗಳ ಬಗ್ಗೆ ಉಪನ್ಯಾಸ ಕೇಳಲು ಬಂದಿರುವುದಿಲ್ಲ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಮ್ಮ ತಾಂಡಾದಲ್ಲಿ ನಿಲ್ಲಿಸುವುದಿಲ್ಲ, ದಾರಿಯಲ್ಲಿ ಕುಡುಕರು ಕೂರುತ್ತಾರೆ ಎಂದು ಹೇಳಲು ಬಂದಿರುತ್ತಾರೆ. ಈ ಮೂರೂ ಮಕ್ಕಳ ರಕ್ಷಣೆಯ ದೂರುಗಳೇ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಬಹಳ ಒಳ್ಳೆಯದಾಯಿತು. ಆದರೆ ನಿಲ್ಲದ ಬಸ್ಸು ಎಷ್ಟೋ ಹುಡುಗಿಯರ ಎಂಟನೇ ತರಗತಿಯನ್ನು ನಿಲ್ಲಿಸಿದೆ. ಮುಂದಿನ ವರ್ಷದ ಸಭೆ ಶುರುವಾಗಬೇಕಾದದ್ದು ಹಿಂದಿನ ವರ್ಷ ಮಕ್ಕಳು ಕೇಳಿದ್ದರಲ್ಲಿ ಏನಾಯಿತು ಎಂದು ಓದಿ ಹೇಳುವುದರಿಂದ. ದೊಡ್ಡವರು ಮಾತಿಗೆ ತಪ್ಪುತ್ತಾರೆ ಎಂದು ಕಲಿಸಲು ಸಭೆ ಬೇಕಾಗಿಲ್ಲ.

*

ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಫಿಲಿಪ್ಪೀನ್ಸ್ ದೇಶದಲ್ಲಿ ಬರಂಗೈ ಎಂಬ ಸಣ್ಣ ಆಡಳಿತ ಘಟಕವಿದೆ, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಪ್ರತಿ ಬರಂಗೈಯಲ್ಲೂ ಮಕ್ಕಳ ರಕ್ಷಣಾ ಮಂಡಳಿ ಇರಬೇಕೆಂದು ಅಲ್ಲಿನ ಕಾನೂನು. ರಾಜಧಾನಿಯಿಂದ ಹಡಗು ಬರುವವರೆಗೆ ಮಗು ಕಾಯಲಾರದು ಎಂಬ ತಿಳಿವಳಿಕೆ ನನಗೆ ಆ ಕಾನೂನಿನಲ್ಲಿ ಕಾಣುತ್ತದೆ. ನಮ್ಮಲ್ಲೂ ಪ್ರತಿ ಪಂಚಾಯಿತಿಗೆ ಮಕ್ಕಳ ರಕ್ಷಣಾ ಸಮಿತಿ ಇರಬೇಕು. ಅಧ್ಯಕ್ಷರೇ ಅದರ ಮುಖ್ಯಸ್ಥರು. ಸಮಿತಿ ಇದೆಯೇ ಎಂದು ಕೇಳಿದರೆ ಕಡತ ತೋರಿಸುತ್ತಾರೆ. ಕೊನೆಯ ಸಲ ಯಾವ ಮಗುವಿನ ಮನೆಗೆ ಹೋಗಿದ್ದಿರಿ ಎಂದು ಕೇಳಬೇಕು.

*

ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಗೆರೆಯ ಮುಂದೆ ಪೆನ್ನು ಹಿಡಿದು ನಿಂತದ್ದು ಅದಾದ ಮೇಲೂ ತಪ್ಪಲಿಲ್ಲ. ತುಂಬಿದ ತರಗತಿಯಲ್ಲಿ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳದಿರುವುದೂ ರಕ್ಷಣೆ.

*

ದೇಶದಲ್ಲಿ ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಮೊದಲ 33 ಯೋಜನೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಅರ್ಧ ಶತಮಾನದಿಂದ ಈ ದೇಶದ ಮಕ್ಕಳನ್ನು ಕಣ್ಣಿಟ್ಟು ಕಾದವರು ಗೌರವಧನದ ಮೇಲೆ ದುಡಿಯುವ ಹೆಣ್ಣುಮಕ್ಕಳು. ಹೊರಗಿನಿಂದ ಬಂದ ಸ್ವಯಂಸೇವಕರು ಅವರಿಗೆ ತರಬೇತಿ ಕೊಡುವ ಮೊದಲು ಅವರ ಪಕ್ಕ ಕುಳಿತು ಒಂದು ತಿಂಗಳು ಕಲಿಯುವುದು ಒಳ್ಳೆಯದು.

*

ಸ್ವಯಂಸೇವಕರು ಪೊಲೀಸರಲ್ಲ, ನ್ಯಾಯಾಧೀಶರಲ್ಲ, ಮಗುವಿನ ಹೊಸ ತಂದೆ ತಾಯಿಯೂ ಅಲ್ಲ. ಮಗುವನ್ನು ತಮ್ಮ ಮನೆಗೆ ಕರೆದೊಯ್ಯುವುದು, ಒಂಟಿಯಾಗಿ ಅದರೊಡನೆ ಕೋಣೆಯಲ್ಲಿ ಕೂಡುವುದು, ಸ್ವಂತ ಫೋನಿನಿಂದ ರಾತ್ರಿ ಹೊತ್ತು ಸಂದೇಶ ಕಳಿಸುವುದು ಒಳ್ಳೆಯ ಮನಸ್ಸಿನಿಂದ ಮಾಡಿದರೂ ತಪ್ಪು. ಮಕ್ಕಳ ಬಳಿ ಹೋಗಲು ಕೆಟ್ಟವರೂ ಸೇವೆಯ ಹೆಸರನ್ನೇ ಹುಡುಕುತ್ತಾರೆ. ಆದ್ದರಿಂದ ಸೇರುವವರ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲನೆ ಮಾಡಿಸುವ ನಿಯಮಕ್ಕೆ ಒಳ್ಳೆಯವರು ಸಂತೋಷದಿಂದ ಮೊದಲು ಸಹಿ ಹಾಕಬೇಕು.

*

ಮಗುವಿನ ಮುಖ ಮಸುಕು ಮಾಡಿ ಊರಿನ ಹೆಸರು, ಅಪ್ಪನ ಹೆಸರು, ಶಾಲೆಯ ಬೋರ್ಡು ಎಲ್ಲ ಹಾಗೇ ಬಿಟ್ಟ ಫೋಟೊ ಊರಿಗೆಲ್ಲ ಹರಿದಾಡುತ್ತದೆ. ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಅಪರಾಧ. ನಾವು ಮಾಡಿದ ಕೆಲಸಕ್ಕೆ ಸಾಕ್ಷಿ ಬೇಕೆನಿಸಿದರೆ ಮಗುವಿನ ಹಾಜರಿ ಸಾಕ್ಷಿ.

*

ರಜೆಗೆ ಬಂದು, ಹಾಡು ಆಟ ಕಲಿಸಿ, ಮತ್ತೆ ಬರುತ್ತೇನೆ ಎಂದು ಹೇಳಿ ಹೋದ ಅಣ್ಣ ಅಕ್ಕಂದಿರನ್ನು ಮಕ್ಕಳು ರಸ್ತೆಯ ತುದಿಯಲ್ಲಿ ನಿಂತು ಕಾಯುತ್ತಾರೆ. ಬರಲಾಗದಿದ್ದರೆ ಬರುತ್ತೇನೆ ಎಂದು ಹೇಳಬೇಡಿ. ಮೊದಲೇ ಬಿಟ್ಟುಹೋದವರನ್ನು ಬಹಳ ಕಂಡ ಮಕ್ಕಳು ಅವರು.

*

ತಾಲ್ಲೂಕು ಕೇಂದ್ರದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಕೂಲಿ ಬಿಟ್ಟು ಯಾವ ತಾಯಿ ಬರುತ್ತಾಳೆ? ರೊಟ್ಟಿ ಬಡಿದು ಮುಗಿದ ಮೇಲೆ, ತಾಂಡಾದ ಸೇವಾಲಾಲ್ ಗುಡಿಯ ಕಟ್ಟೆಯ ಮೇಲೆ ಕುಳಿತರೆ ಕರೆಯದೆಯೂ ಬರುತ್ತಾರೆ. ನಾಯಕರು ಮೊದಲು ಮಾತಾಡುತ್ತಾರೆ, ಆಮೇಲೆ ಗಂಡಸರು. ಅವಸರಪಡದೆ ಕುಳಿತರೆ ಹೆಂಗಸರೂ ಮಾತಾಡುತ್ತಾರೆ. ತಿಳಿಯಬೇಕಾದದ್ದು ತಿಳಿಯುವುದು ಆಗ.

*

ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ತೆರೆದಿರುವುದು ಈಚಿನ ವರ್ಷಗಳ ಒಳ್ಳೆಯ ಕೆಲಸಗಳಲ್ಲಿ ಒಂದು. ಕೂಲಿಗೆ ಹೋಗುವ ತಾಯಿ ಕೂಸನ್ನು ಅಲ್ಲಿ ಬಿಟ್ಟು ಹೋಗಬಹುದು. ಇದರಿಂದ ಇನ್ನೊಂದು ಮಗುವೂ ಬಿಡುಗಡೆಯಾಗುತ್ತದೆ. ತಮ್ಮನನ್ನು ಕಂಕುಳಲ್ಲಿ ಹೊತ್ತು ಮನೆಯಲ್ಲೇ ಉಳಿಯುತ್ತಿದ್ದ ಅಕ್ಕ ಪಾಟಿಚೀಲ ಹೊತ್ತು ಹೊರಡುತ್ತಾಳೆ.

*

ಮಕ್ಕಳ ಸಹಾಯವಾಣಿ 1098 ಶುರುವಾದದ್ದು 1996ರಲ್ಲಿ, ಮುಂಬೈಯಲ್ಲಿ. 2023ರಿಂದ ಅದನ್ನು ಸರಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಿಸಲಾಗಿದೆ. ಹಗಲು ರಾತ್ರಿ ಉಚಿತ. ಕರೆ ಮಾಡಿದವರ ಹೆಸರನ್ನು ಊರಿಗೆ ಹೇಳುವುದಿಲ್ಲ. ಸಂಖ್ಯೆ ಶಾಲೆಯ ಗೋಡೆಯ ಮೇಲೆ ಇದೆ. ಶಾಲೆ ಬಿಟ್ಟ ಮಗುವಿಗೆ ಆ ಗೋಡೆ ಕಾಣುವುದಿಲ್ಲ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ನೀರಿನ ಟಾಕಿ, ಮುಕಾದಮನ ಲಾರಿ ನಿಲ್ಲುವ ಜಾಗ, ಇಲ್ಲೆಲ್ಲ ಬರೆಸಬೇಕು.

*

ಪ್ರತಿ ವರ್ಷ ನವೆಂಬರಿನ ಸುಮಾರಿಗೆ ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ನಿಂಬರ್ಗಾದವರಾಗಲಿ, ಜೇವರ್ಗಿಯವರಾಗಲಿ, ಗಡ್ಡಿಯವರಾಗಲಿ, ಈ ಸಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಮಕ್ಕಳ ಮಾತು ಮುಗಿದ ಮೇಲೆ ಎದ್ದು ನಿಂತು ಮಕ್ಕಳ ರಕ್ಷಣಾ ಸಮಿತಿಯ ಸದಸ್ಯರು ಯಾರು ಎಂದು ಕೇಳಿ. ಗುಳೆ ಹೊರಟ ಮಕ್ಕಳ ಪಟ್ಟಿ ಎಲ್ಲಿ ಎಂದು ಕೇಳಿ. ಪಟ್ಟಿ ಇಲ್ಲವೆಂದರೆ ಬರೆಯಲು ನೀವೇ ಪೆನ್ನು ಹಿಡಿಯಿರಿ, ಮುಂದಿನ ಲಾರಿ ಬರುವ ಮೊದಲು.